ಮಗಳ ಕೂತ, ಅಪ್ಪ ಕೂತ

ಆಟವೆಂದರೆ ಸೀತಾರಾಮಪ್ಪನವರಿಗೆ ಮೈಯೆಲ್ಲ ಉರಿ. ಹಿಂದೂಪುರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಓಡಿಸುವ ಈ ಮಹಾನುಭಾವರ ಸಿದ್ಧಾಂತ ಬಹಳ ಸರಳ: ಹದಿನಾಲ್ಕು ಜನ ಸೇರಿ ಮುಕ್ಕಾಲು ಗಂಟೆ ಒದ್ದಾಡಿದ ಮೇಲೆ ಒಂದು ಮೊಳ ಬಟ್ಟೆಯಾದರೂ ಹೊರಗೆ ಬರಬೇಕು. ಬರೀ ಧೂಳು ಬರುವುದಾದರೆ ಮನೆಯಲ್ಲೇ ಕಂಬಳಿ ಕೊಡವಬಹುದು.

ಆದರೆ ವಿಧಿಯ ಕುಚೋದ್ಯ ನೋಡಿ. ಹೆಂಡತಿ ಪದ್ಮಾವತಮ್ಮ ಹುಟ್ಟಿದ್ದು ಕಬಡ್ಡಿ ಹುಚ್ಚು ಹಿಡಿದ ಕಲ್ಯಾಣದುರ್ಗದ ಮನೆಯಲ್ಲಿ. ಮಗಳು ಹರಿತಾ ಹಿಂದೂಪುರದ ಹುಡುಗಿಯರ ಕಬಡ್ಡಿ ತಂಡದ ನಾಯಕಿ. ಈ ಭಾನುವಾರ ಫೈನಲ್. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ, ಅದೂ ಕಲ್ಯಾಣದುರ್ಗದಲ್ಲೇ!

"ನಾ ಬರಲ್ಲ ಕಣೆ. ಮಗ್ಗದಾಗೆ ಕೆಲ್ಸ ಐತೆ" ಎಂದರು ಸೀತಾರಾಮಪ್ಪ.

"ಬರ್ಬೇಡಿ ಬುಡಿ. ಬಾವ ಸೋಲ್ತೀವಂತ ಹೆದ್ರಿ ಮನೇಲೇ ಉಳ್ಕಂಡ್ಬುಟ್ರು ಅಂತಾನೆ ದಯಾನಂದ, ನನಗೇನು!"

ಬಾಣ ನೇರವಾಗಿ ಮರ್ಮಕ್ಕೇ ನಾಟಿತು. ದಯಾನಂದ ಎಂದರೆ ಪದ್ಮಾವತಮ್ಮನ ತಮ್ಮ. ಇಪ್ಪತ್ತೆರಡು ವರ್ಷದ ಹಿಂದೆ, ಮದುವೆ ಚಪ್ಪರದಲ್ಲೇ, "ಹಿಂದೂಪುರದೋರು ಅಂದ್ರೆ ಎಲ್ಲಾದ್ರಾಗೂ ಹಿಂದೇ ಅಲ್ವಾ ಬಾವಾ?" ಎಂದು ನಗಾಡಿದ್ದ. ಅಂದಿನಿಂದ ಅತ್ತೆಯ ಮನೆಯಲ್ಲಿ ಸೀತಾರಾಮಪ್ಪನವರ ನಾಮಧೇಯ 'ಹಿಂದಿನ ಬಾವ'. (ಕಲ್ಯಾಣ ಮಾಡಿಕೊಂಡು ದುರ್ಗದಲ್ಲಿ ಸೆರೆಬಿದ್ದವನಿಗೆ ಹೆಸರು ಏನಾದರೇನು ಎಂದು ಅವರೂ ಒಂದು ಉತ್ತರ ಹೊಸೆದಿದ್ದರು. ಹೊಸೆದು ಮುಗಿಸುವಷ್ಟರಲ್ಲಿ ಎಲ್ಲರೂ ಊಟ ಮಾಡಿ ಕೈ ತೊಳೆದಿದ್ದರು.)

"ಬತ್ತೀನಿ. ಆದ್ರೆ ನಾಕೂವರೆ ಬಸ್ಸಿಗೆ ವಾಪಸ್" ಎಂದು ಕರಾರು ಹಾಕಿಯೇ ಹೊರಟರು.

ಇಲ್ಲಿ ಈ ಮನೆಯ ಒಂದು ವಿಶೇಷ ಹೇಳಲೇಬೇಕು. ನಾಲ್ಕು ಮಗ್ಗ ಒಟ್ಟಿಗೆ ಶುರುವಾದರೆ ಪಕ್ಕದವರ ಮಾತಿರಲಿ, ತನ್ನ ಕೆಮ್ಮೇ ತನಗೆ ಕೇಳಿಸುವುದಿಲ್ಲ. ಹಾಗಾಗಿ ಮಾತೆಲ್ಲ ಕೈಯಲ್ಲೇ. ಗಂಡಹೆಂಡಿರ ಜಗಳವೂ ಕೈಯಲ್ಲೇ (ಕೈ ಮಾಡುವುದಲ್ಲ, ಕೈಸನ್ನೆ). ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ಒಂದು ಕಡೆಗೆ ತೋರಿಸಿದರೆ 'ಆ ಕಡೆ ಎಳೆ ಕಿತ್ತುಹೋಗಿದೆ, ಓಡು' ಎಂದರ್ಥ. ಹರಿತಾ ಐದನೇ ವಯಸ್ಸಿನಿಂದ ಆ ಸನ್ನೆ ಕಂಡ ಕೂಡಲೇ ಓಡಿ ರೂಢಿಯಾದವಳು.

ಕಲ್ಯಾಣದುರ್ಗದ ಮೈದಾನದಲ್ಲಿ ಜನವೋ ಜನ. ಮೈಕಿನಲ್ಲಿ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ: "ಹಿಂದೂಪುರ್ ಹರಿತಾ ಕೂತಕು ವೆಳ್ತೋಂದಿ!"

ತೆಲುಗಿನಲ್ಲಿ 'ಕೂತ' ಎಂದರೆ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಾ ಎದುರಾಳಿಗಳ ಮೇಲೆ ನುಗ್ಗುವುದು; ಹರಿತಾ ಅದಕ್ಕೆ ಹೊರಟಿದ್ದಾಳೆ ಎಂದು ಅವನ ಕೂಗು. ಸೀತಾರಾಮಪ್ಪನವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಗೊಣಗಿದರು: "ಕಲ್ಲಿನ ಮೇಲೆ ಕೂತಿರೋನು ನಾನು. ಕೂತ ಅಂತ ಹೆಸರು ಮಾತ್ರ ಅವಳಿಗೆ!"

ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ ದಯಾನಂದನಿಗೆ ಇವತ್ತು ಹಬ್ಬ. ಹಿಂದೂಪುರದವರು ಮೊದಲಿನಿಂದಲೂ ಒಂದೆರಡು ಪಾಯಿಂಟ್ ಹಿಂದೆಯೇ ಇದ್ದರು.

"ನಿಮ್ಮೋರು ಊರ ಹೆಸರು ಉಳಿಸ್ಕಂಡ್ಬುಟ್ರು ಬಾವಾ!"

ಆಟ ಮುಗಿಯಲು ಅರ್ಧ ನಿಮಿಷ. ಹಿಂದೂಪುರ ಒಂದು ಪಾಯಿಂಟ್ ಹಿಂದೆ. ಹರಿತಾಳದೇ ಕೊನೆಯ ಕೂತ. ಸೀತಾರಾಮಪ್ಪನವರು ಗಡಿಯಾರ ನೋಡಿಕೊಂಡರು, ನಾಲ್ಕೂ ಇಪ್ಪತ್ತು. ಸೋತ ಮೇಲೆ ದಯಾನಂದನ ಹಲ್ಲು ಎಣಿಸುತ್ತಾ ಕೂರುವುದಕ್ಕಿಂತ ಈಗಲೇ ಜಾಗ ಖಾಲಿ ಮಾಡುವುದು ಮರ್ಯಾದೆ ಎನ್ನಿಸಿತು. ಗಲಾಟೆಯಲ್ಲಿ ಕೂಗಿದರೆ ಕೇಳುವುದೆಲ್ಲಿ? ಎದ್ದು ನಿಂತು, ಮಗಳು ಇತ್ತ ತಿರುಗಿದ ಹೊತ್ತಿಗೆ, ಎರಡು ಬೆರಳು ಕತ್ತರಿಯಾಡಿಸಿ (ಸಾಕು, ಕತ್ತರಿಸು), ಎಡಗಡೆಗೆ ಕೈ ಚಾಚಿ ತೋರಿಸಿದರು (ಬಸ್ ಸ್ಟ್ಯಾಂಡ್ ಆ ಕಡೆ, ನಡಿ).

ಹರಿತಾ ಓಡಿದಳು. ಬಸ್ ಸ್ಟ್ಯಾಂಡಿಗಲ್ಲ! ಅಪ್ಪ ಕೈ ತೋರಿಸಿದ ಮೂಲೆಗೆ ಬಾಣದಂತೆ ನುಗ್ಗಿದಳು. ಅಲ್ಲಿದ್ದ ಹುಡುಗಿ ಮಂಡಿ ನೋವನ್ನು ಯಾರಿಗೂ ಹೇಳದೆ ಆಡುತ್ತಿದ್ದಳಂತೆ, ಹಿಂದಕ್ಕೆ ಜಿಗಿಯಲಾಗದೆ ತಡಬಡಾಯಿಸಿದಳು. ಹರಿತಾ ಅವಳನ್ನೂ ಮುಟ್ಟಿದಳು, ಅವಳ ಕೈ ಹಿಡಿದಿದ್ದ ಪಕ್ಕದವಳನ್ನೂ ಮುಟ್ಟಿದಳು, ಉಸಿರು ಬಿಡದೆ ಗೆರೆ ದಾಟಿ ಬಂದು ಬಿದ್ದಳು. ಎರಡು ಪಾಯಿಂಟ್. ಹಿಂದೂಪುರ ಗೆದ್ದಿತ್ತು!

ಮುಂದೆ ನಡೆದದ್ದನ್ನು ಸೀತಾರಾಮಪ್ಪನವರು ಈಗಲೂ ಒಪ್ಪುವುದಿಲ್ಲ. ಹೆಗಲ ಟವೆಲ್ಲನ್ನು ಆಕಾಶಕ್ಕೆ ಎಸೆದರು. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿದ್ದ ಗಂಟಲಿನಿಂದ "ನನ್ ಮಗ್ಳು! ನನ್ ಮಗ್ಳು ಕಣ್ರಪ್ಪೋ!" ಎಂದು ಕೂಗಿದ ಕೂಗಿಗೆ ಮೈಕಿನವನೇ ಸುಮ್ಮನಾದ. ದಯಾನಂದನನ್ನೇ ತಬ್ಬಿ ಎತ್ತಿ ಇಳಿಸಿದರು. ಕಣ್ಣಲ್ಲಿ ನೀರು. ಐವತ್ತೈದು ವರ್ಷದಲ್ಲಿ ಇಷ್ಟು ಸಂತೋಷ ತಮಗೆ ಆಗಬಹುದೆಂದು ಅವರಿಗೇ ಗೊತ್ತಿರಲಿಲ್ಲ. ಒಂದು ಚಪ್ಪಲಿ ಎಲ್ಲಿ ಹೋಯಿತೋ ಅದೂ ಗೊತ್ತಾಗಲಿಲ್ಲ.

"ಬಾವಾ, ನೀವು ಕೈ ತೋರ್ಸಿದ್ದು ನಾ ನೋಡ್ದೆ" ಎಂದ ದಯಾನಂದ, ಬಾಯಿ ಬಿಟ್ಟುಕೊಂಡು. "ಆ ಹುಡ್ಗಿ ಮಂಡಿ ನೋವು ನಮಗೇ ಗೊತ್ತಿರ್ಲಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ಸೀತಾರಾಮಪ್ಪನವರು ಒಂದು ಕ್ಷಣ ಕಕ್ಕಾಬಿಕ್ಕಿ. ಮರುಕ್ಷಣ ಎದೆ ಸೆಟೆಸಿದರು. "ನೇಯೋನ ಕಣ್ಣು ಕಣಪ್ಪಾ. ಎಳೆ ಎಲ್ಲಿ ಸಡಿಲ ಐತೆ ಅಂತ ದೂರದಿಂದ್ಲೇ ಕಾಣ್ತೈತೆ."

ಆ ಮಾತು ಮೈಕಿಗೂ ಹೋಯಿತು. ಶಾಲು ಬಂತು, ಹಾರ ಬಂತು. "ಇವತ್ತಿಂದ ನೀವು ಮುಂದಿನ ಬಾವ!" ಎಂದು ದಯಾನಂದ ಎಲ್ಲರೆದುರು ಘೋಷಿಸಿದ. ಇಪ್ಪತ್ತೆರಡು ವರ್ಷದ ಹೆಸರು ಒಂದು ಏಟಿಗೆ ಅಳಿಸಿಹೋಯಿತು. ನಾಲ್ಕೂವರೆ ಬಸ್ಸೂ ಹೋಯಿತು, ಯಾರಿಗೂ ನೆನಪಾಗಲಿಲ್ಲ.

ಆರು ಗಂಟೆ ಬಸ್ಸಿನಲ್ಲಿ ಮುಂದಿನ ಸೀಟಿನ ತುಂಬ ಹುಡುಗಿಯರ ಹಾಡು. ಹರಿತಾ ಗೆದ್ದ ಕಪ್ಪನ್ನು ಅಪ್ಪನ ತೊಡೆಯ ಮೇಲಿಟ್ಟು ಹೋಗಿದ್ದಳು. ಪದ್ಮಾವತಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು.

"ಯಾಕೆ ನಗ್ತೀಯಾ?"

"ಏನಿಲ್ಲ ಕಣ್ರೀ. ಆಹಾ, ಎಂಥಾ ಕಣ್ಣು ನಿಮ್ದು! ಬಸ್ ಸ್ಟ್ಯಾಂಡೂ ಆ ಮೂಲೆ ಕಡೇನೇ ಐತಲ್ಲಾ ಅಂತ."

ಸೀತಾರಾಮಪ್ಪನವರ ಮುಖ ಬಣ್ಣ ಬಿಟ್ಟ ಸೀರೆಯಂತಾಯಿತು. "ಲೇ, ದಯಾನಂದಂಗೆ ಹೇಳ್ಬೇಡ ಕಣೆ."

"ಹೇಳಲ್ಲ ಬುಡಿ. ಹುಡ್ಗೀರು ನಿಮ್ಮನ್ನ ಕೋಚ್ ಮಾಡ್ಕಂತಾರಂತೆ. ನಾ ಆಗ್ಲೇ ಹೂಂ ಅಂದ್ಬುಟ್ಟೆ."

ಈಗ ಪ್ರತಿ ಭಾನುವಾರ ಸೀತಾರಾಮಪ್ಪನವರು ಮೈದಾನದ ಬೆಂಚಿನಲ್ಲಿ ವಿರಾಜಮಾನರು. ಒಂದೇ ತೊಂದರೆ, ಹುಡುಗಿಯರ ಕಣ್ಣೆಲ್ಲ ಅವರ ಕೈಯ ಮೇಲೆ. ಪೆನುಕೊಂಡದ ಪಂದ್ಯದಲ್ಲಿ ಅವರು ನೊಣ ಓಡಿಸಿದ್ದಕ್ಕೆ ಒಬ್ಬಳು ಬಲಗಡೆಗೆ ನುಗ್ಗಿ ಸಿಕ್ಕಿಬಿದ್ದಳು. ಅವತ್ತಿನಿಂದ ಎರಡೂ ಕೈ ತೊಡೆಯ ಕೆಳಗೆ. ಮೂಗು ತುರಿಸಿದರೂ ಪದ್ಮಾವತಮ್ಮನೇ ಬಂದು ಕೆರೆಯಬೇಕು.

ಮೈಕಿನವನು "ಹರಿತಾ ಕೂತ!" ಎಂದು ಕೂಗುತ್ತಿದ್ದಂತೆ ಅಕ್ಕನ ಮಗಳ ಆಟ ನೋಡಲು ಬರುವ ದಯಾನಂದ ಹಿಂದಿನ ಸಾಲಿನಿಂದ ಬಗ್ಗಿ ಕಿವಿಯಲ್ಲಿ ಹೇಳುತ್ತಾನೆ:

"ಮಗಳ ಕೂತ ನೋಡಿದ್ರಾ ಬಾವಾ? ಅಪ್ಪ ಅಂತೂ ಕೂತ! ಅಕ್ಕ ಎಲ್ಲಾ ಹೇಳವ್ಳೆ. ಹೊರಡ್ಬೇಕು ಅನ್ನಿಸಿದ್ರೆ ಕೈ ಎತ್ಬೇಡಿ, ಧೈರ್ಯವಾಗಿ ಕೆಮ್ಮಿ, ಬಸ್ ಸ್ಟ್ಯಾಂಡ್ ಯಾವ ಕಡೆ ಅಂತ ನಾ ತೋರಿಸ್ತೀನಿ."