ಕರೆಯದಿದ್ದರೆ ಸಿಟ್ಟು, ಕರೆದರೆ ಬಿಂಕ

ಹೋಗಲು ಮನಸ್ಸಿಲ್ಲದ ಮದುವೆಗೂ ಕರೆಯದೇ ಇದ್ದರೆ ನನಗೆ ಸಿಟ್ಟು ಬರುತ್ತದೆ. ಕರೆದರೆ, ಅಯ್ಯೋ ಅಷ್ಟು ದೂರ ಯಾರು ಹೋಗುತ್ತಾರೆ ಎನ್ನುತ್ತೇನೆ. ಈ ಗುಣ ಮೈಸೂರಿನಿಂದ ನನ್ನ ಜೊತೆಯಲ್ಲೇ ವಿಮಾನ ಹತ್ತಿ ಅಮೆರಿಕದ ಫ್ರೀಮಾಂಟಿಗೆ ಬಂದಿದೆ. ಮಗಳು ಶ್ರುತಿ ಕಾಲೇಜು ಸೇರಿದ ಹೊಸದರಲ್ಲೇ ಸೊರೊರಿಟಿ ಸೇರುತ್ತೇನೆಂದಾಗ ನಾನು ಖಡಾಖಂಡಿತವಾಗಿ ಬೇಡವೆಂದೆ. ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರ ಸಂಘ. ಒಂದೊಂದಕ್ಕೂ ಒಂದೊಂದು ದೊಡ್ಡ ಮನೆ, ಅದಕ್ಕೊಂದು ಗ್ರೀಕ್ ಹೆಸರು. "ಫ್ರೆಂಡ್ಸ್ ಮಾಡ್ಕೊಳ್ಳೋಕೂ ಅರ್ಜಿ ಹಾಕ್ಬೇಕೇನೇ?" ಎಂದು ರೇಗಿದೆ. "ಅಮ್ಮಾ, ಪ್ಲೀಸ್!" ಎಂದು ಅವಳು ಹೋಗಿಯೇ ಬಿಟ್ಟಳು.

ಅದರ ವ್ಯವಸ್ಥೆ ಕೇಳಿ ನನಗೆ ತಲೆ ಸುತ್ತಿತು. ವಾರವಿಡೀ ಹುಡುಗಿಯರು ಮನೆಯಿಂದ ಮನೆಗೆ ಹೋಗಿ ನಗುನಗುತ್ತಾ ಮಾತಾಡಬೇಕು. ಪ್ರತಿ ಸುತ್ತಿನ ಕೊನೆಗೆ ಮನೆಯವರು ತಮಗೆ ಹಿಡಿಸದವರನ್ನು ಕೈಬಿಡುತ್ತಾರೆ, ಹುಡುಗಿಯರೂ ತಮಗೆ ಹಿಡಿಸದ ಮನೆಗಳನ್ನು ಕೈಬಿಡುತ್ತಾರೆ. ಕಡೆಯ ಸಂಜೆ ಇವರು ಮನೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು, ಅವರು ಹುಡುಗಿಯರನ್ನು. ಎರಡನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಿ, ಹೊಂದಿದವರಿಗೆ ಮರುದಿನ 'ಬಿಡ್' ಎಂಬ ಕರೆಯೋಲೆ ಕೊಡುತ್ತಾರೆ. ನಮ್ಮ ಮಹಾರಾಯಿತಿ ಒಂದೇ ಒಂದು ಮನೆಯ ಹೆಸರು ಬರೆದಿದ್ದಳು. ಅದು ತಪ್ಪಿದರೆ ಎಲ್ಲೂ ಇಲ್ಲ. ಆಗ ಡಾಟ್‌ಕಾಮ್ ಕಾಲ. ನನ್ನ ಗಂಡನಿಗೆ ಊಟದ ಹೊತ್ತಿಗೂ ಕೆಲಸಕ್ಕೆ ಕರೆಯುವ ಹೊಸ ಹೊಸ ಕಂಪನಿಯವರ ಫೋನು. "ನಮ್ಮಲ್ಲಿ ಕೀಬೋರ್ಡು ಮುಟ್ಟೋಕೆ ಬಂದ್ರೆ ಸಾಕು, ತಗೋತೀವಿ. ಇದೇನೇ ಇಷ್ಟು ಕಷ್ಟ?" ಎಂದು ನನ್ನವರು ಅನ್ನಕ್ಕೆ ಸಾರು ಸುರಿದುಕೊಂಡರು.

ಫಲಿತಾಂಶದ ದಿನ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆಂದು ಇಂಡಿಯನ್ ಗ್ರೋಸರಿಗೆ ಹೋದರೆ ಅಲ್ಲಿ ದೀಪಾ! ನಮ್ಮ ಬೀದಿಯವಳೇ, ಶ್ರುತಿ ಬರೆದುಕೊಟ್ಟ ಮನೆಯ ಸದಸ್ಯೆ. ಸಂಜೆಯ ಪಾರ್ಟಿಗೆ ಸಮೋಸ ಒಯ್ಯಲು ಬಂದಿದ್ದಳು. ಯಾವಾಗಲೂ "ಆಂಟೀ" ಎಂದು ಓಡಿಬರುವವಳು ಅಂದು ನನ್ನನ್ನು ಕಂಡು ಸೋನಾ ಮಸೂರಿ ಚೀಲಗಳ ಹಿಂದೆ ಸರಿದಳು. ನಾನು ಬಿಡುತ್ತೇನೆಯೇ? ಗಾಡಿ ತಳ್ಳಿಕೊಂಡೇ ಬೆನ್ನಟ್ಟಿದೆ.

"ಏನಮ್ಮಾ, ನಮ್ಮ ಶ್ರುತಿ ವಿಷ್ಯ ಏನಾಯ್ತು?"

"ಸಾರಿ ಆಂಟಿ, ಐ ಕಾಂಟ್ ಟಾಕ್!" ಎಂದವಳೇ ಸಮೋಸದ ಟ್ರೇ ಎತ್ತಿಕೊಂಡು ಪರಾರಿ.

ನನ್ನ ಮೈಯೆಲ್ಲ ಉರಿಯಿತು. ಮುಖ ತಪ್ಪಿಸುತ್ತಿದ್ದಾಳೆಂದರೆ ಅರ್ಥವಾಗುವುದಿಲ್ಲವೇ? ನನ್ನ ಮಗಳಿಗೇನು ಕಡಿಮೆ? ಆ ಮನೆ ಬೇಡವೆಂದು ನಾನು ಹೇಳಬಹುದು, ಅವರು ಹೇಳುವುದೆಂದರೇನು! ಮಗು ಪಾಪ ಒಂದೇ ಹೆಸರು ಬರೆದು ಕಾದಿದೆಯಲ್ಲ ಎಂದು ಕಾರಿನಲ್ಲಿ ಕೂತಾಗ ಕಣ್ಣು ತುಂಬಿ ಬಂತು. ಕೊತ್ತಂಬರಿ ಸೊಪ್ಪು ಮರೆತೇಹೋಗಿತ್ತು.

ಮಧ್ಯಾಹ್ನ ಫೋನು ಬಂತು. "ಅಮ್ಮಾ, ಐ ಗಾಟ್ ಇಟ್!" ನಾನು ಕಿರುಚಿದ ರಭಸಕ್ಕೆ ಗಂಡ ಗಾಬರಿಯಿಂದ ಓಡಿ ಬಂದರು. ಆಮೇಲೆ ತಿಳಿಯಿತು: ಕಡೆಯ ಸಂಜೆಯಿಂದ ಬಿಡ್ ಕೈಸೇರುವವರೆಗೆ ಸಂಘದ ಮನೆಯವರು ಹುಡುಗಿಯರ ಕಡೆಯವರೊಡನೆ ಮಾತಾಡುವಂತಿಲ್ಲ, ಅದು ನಿಯಮ. "ದೀಪಾ ಸೇಸ್ ಯೂ ಚೇಸ್ಡ್ ಹರ್ ವಿತ್ ಎ ಕಾರ್ಟ್!" ಎಂದು ಶ್ರುತಿ ನಕ್ಕಳು. ನಾನು ವಿರೋಧಿ ಎಂಬುದು ಆಗ ನೆನಪಾಗಿ, "ಸರಿ ಸರಿ, ಓದೋದು ಬಿಡ್ಬೇಡ" ಎಂದು ಗಂಭೀರಳಾದೆ.

"ಮುಂದಿನ ತಿಂಗಳು ಅಮ್ಮಂದಿರಿಗೆ ಟೀ ಪಾರ್ಟಿ ಇದೆ. ವಿಲ್ ಯೂ ಕಮ್?"

"ಅಯ್ಯೋ, ಅಲ್ಲಿಗೆಲ್ಲ ನಾನ್ಯಾಕೆ ಬರ್ಲಿ ಬಿಡೇ."

"ಓಕೆ, ಐ ವಿಲ್ ಟೆಲ್ ದೆಮ್" ಎಂದು ಫೋನು ಇಟ್ಟೇಬಿಟ್ಟಳು!

ಅಷ್ಟೇನಾ? ಇಲ್ಲಿ ಹುಟ್ಟಿದ ಮಕ್ಕಳಿಗೆ ಎರಡನೇ ಸಲ ಕರೆಯಬೇಕೆಂಬುದನ್ನು ಹೇಳಿಕೊಡದೆ ಕೆಟ್ಟೆ. ಯಾವುದಕ್ಕೂ ಇರಲಿ ಎಂದು ಹಸಿರು ಮೈಸೂರು ಸಿಲ್ಕಿಗೆ ಇಸ್ತ್ರಿ ಮಾಡಿಟ್ಟೆ. ಆ ತಿಂಗಳಿಡೀ ಫೋನು ಸದ್ದಾದಾಗಲೆಲ್ಲ ನಾನೇ ಓಡಿ ಎತ್ತಿದೆ. ಪ್ರತಿ ಸಲವೂ ಯಾವುದೋ ಕಂಪನಿಯವರು, ನನ್ನ ಗಂಡನನ್ನು ಕರೆಯಲು.