ಹುಣಸಿಕಟ್ಟಿ ಓಣಿಯ ಕರಪ್ರಕ್ಷಾಳನ ಮಹಾಸಮರ

ಮೊರದ ಕದನದಲ್ಲಿ ಇಪ್ಪತ್ತಮೂರು ಹರಳುಗಳು ಆಗಲೇ ಹತವಾಗಿದ್ದವು. ಇಪ್ಪತ್ತನಾಲ್ಕನೆಯದು ಅಕ್ಕಿಕಾಳಿನ ವೇಷ ಹಾಕಿ ಅಂಚಿನತ್ತ ಜಾರುತ್ತಿತ್ತು. ಅದನ್ನು ಬೆನ್ನಟ್ಟಿದ ತೋರುಬೆರಳು ಇದ್ದಕ್ಕಿದ್ದಂತೆ ಸ್ತಂಭಿಸಿತು. ಏಕೆಂದರೆ ಆ ಬೆರಳಿನ ಒಡತಿ, ಶ್ವೇತಸಮವಸ್ತ್ರಧಾರಿಣಿ, ಅಷ್ಟಮಸೆಮಿಸ್ಟರ್‌ಸಾಗರಲಂಘನೋದ್ಯುಕ್ತೆ, ಫಕೀರವ್ವಗರ್ಭಾಂಬುಧಿಚಂದ್ರಿಕೆ, ನರ್ಸಿಂಗ್ ಕಾಲೇಜಿನ ಕಡೆಯ ವರ್ಷದ ನೀಲಾಂಬಿಕೆ ಹೂಗಾರಳಿಗೆ ಆ ಕ್ಷಣದಲ್ಲಿ ಒಂದು ಘೋರಸತ್ಯ ಹೊಳೆದಿತ್ತು: ತನ್ನ ಸಂಶೋಧನ ಪ್ರಬಂಧದ ನಲವತ್ತೇಳನೆಯ ಪುಟದ ಕೋಷ್ಟಕಕ್ಕೆ ಸಂಖ್ಯೆ ಹಾಕಿಲ್ಲ! ಹನ್ನೊಂದು ಗಂಟೆಗೆ ಮೌಖಿಕ ಪರೀಕ್ಷೆ.

“ನೀಲವ್ವಾ, ಎಸರು ಕುದ್ದು ಕುದ್ದು ಬತ್ತಾಕಹತ್ತೇತಿ,” ಎಂದಳು ತಾಯಿ ಫಕೀರವ್ವ. “ಅಕ್ಕಿ ಆರಸ್ತೀಯೋ, ಅಕ್ಕಿ ಮ್ಯಾಲೂ ಒಂದು ಪುಸ್ತಕ ಬರೀತೀಯೋ?”

ಆಲಿಸಿರಿ, ತಾಳ್ಮೆಯುಳ್ಳವರೇ! ಕಡಲು ಕಡೆದವರ ಕಾಲ ಮುಗಿದಿತ್ತು. ಸೇತುವೆ ಕಟ್ಟಿದವರ ಕಾಲವೂ ಕಳೆದಿತ್ತು. ಕಣ್ಣಾರೆ ಕಂಡದ್ದನ್ನೂ, ಅದನ್ನು ಮೊದಲೇ ಇನ್ನೊಬ್ಬರು ಕಂಡು ಬರೆದಿದ್ದಾರೆಂಬ ಸಾಕ್ಷಿ ಕೊಟ್ಟ ಮೇಲಷ್ಟೇ ನಂಬುವ ಉಲ್ಲೇಖಯುಗವು ಭೂಮಂಡಲವನ್ನು ಆಳುತ್ತಿತ್ತು. ಆ ಯುಗದಲ್ಲಿ, ಸಂಕ್ರಾಂತಿ ಕಳೆದ ಮೂರನೆಯ ದಿನ, ನಮ್ಮ ನೀಲಾಂಬಿಕೆಯು ಬಗಲಲ್ಲಿ ಪ್ರಶ್ನಾವಳಿಯೆಂಬ ಬತ್ತಳಿಕೆಯನ್ನು ಧರಿಸಿ ಹುಣಸಿಕಟ್ಟಿ ಓಣಿಯನ್ನು ಹೊಕ್ಕಿದ್ದಳು. ವಿಷಯ: ಐದು ವರ್ಷದೊಳಗಿನ ಮಕ್ಕಳ ತಾಯಂದಿರಲ್ಲಿ ಕೈ ತೊಳೆಯುವ ತಿಳಿವಳಿಕೆ ಮತ್ತು ಆಚರಣೆ. ಬೇಕಾದ ತಾಯಂದಿರು ಅರವತ್ತು.

ಶಾಸ್ತ್ರದ ಪ್ರಕಾರ ಮೊದಲು ಒಪ್ಪಿಗೆ ಪತ್ರ. ಒಣಗಿದ ನಳದ ಎದುರು ಮನೆಯ ಹುಲಿಗೆವ್ವ, ನಡುವೆ ಓರೆಯಾದ ಗಾಯದ ಗೆರೆಯಿದ್ದ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡವಳು, ಬೆರಳನ್ನು ಕಾಗದದ ಮೇಲೆ ಗೇಣು ಎತ್ತರದಲ್ಲಿ ನಿಲ್ಲಿಸಿಬಿಟ್ಟಳು.

“ಒತ್ತತೀನಿ ತಂಗೀ. ಆದ್ರ ನೀ ನಮಗೊಂದು ಅರ್ಜಿ ಬರದು ಪುರಸಭೆಗೆ ಕಳಸಬೇಕು. ಗಟಾರ ಅಗಿಯಾಕ ಬಂದವ್ರು ಪೈಪು ಒಡದು ಹೋಗಿ ಮೂರು ವರ್ಷಾತು, ನಳದಾಗ ಹನಿ ಇಲ್ಲ. ನಮ್ಮ ಸಣ್ಣದಕ್ಕ ತಿಂಗಳದಾಗ ಎರಡು ಸಲ ಭೇದಿ. ಬಾಯಿಲೆ ಹೇಳಿದ್ರ ನಾಳೆ ಬಾ ಅಂತಾರ.”

“ಈ ವಾರದಾಗ ಬರೀತೀನ್ರಿ ಅಕ್ಕಾರ, ಖರೇ.”

“ನಿನ್ನ ಮುಂಚೆ ಇಬ್ಬರು ಹುಡುಗ್ಯಾರು ಹಿಂಗ ಬಂದಿದ್ರು. ಖರೇ ಅಂದ್ರು. ಹೋದ್ರು.”

“ನಾ ಮೂರನೇದಾಕಿ ಆಗಂಗಿಲ್ರಿ!”

ಗಂಗೆಯ ಮಗನ ಪ್ರತಿಜ್ಞೆಗೆ ದೇವತೆಗಳು ಹೂ ಸುರಿದರಂತೆ. ಈ ಪ್ರತಿಜ್ಞೆಗೆ ಹುಲಿಗೆವ್ವನ ಹೆಬ್ಬೆಟ್ಟು ಇಳಿಯಿತು. ಅದನ್ನು ಕಂಡು ಉಳಿದ ಐವತ್ತೊಂಬತ್ತೂ ಇಳಿದವು.

ಅನಂತರ ರಣಾರಂಭ. ‘ಎಲೈ ಕ್ರಿಮಿಕುಲವೇ! ಉಗುರ ಸಂದುಗಳಲ್ಲಿ ಕೋಟೆ ಕಟ್ಟಿ ಕಂದಮ್ಮಗಳ ಕರುಳಿಗೆ ಲಗ್ಗೆಯಿಡುವ ನೀಚಸಂತಾನವೇ! ಏಳು ಹಂತಗಳೆಂಬ ಏಳು ಬಾಣಗಳನ್ನು ಹೂಡಿದ್ದೇನೆ. ಇಂದು ನಿಮ್ಮ ವಂಶದಲ್ಲಿ ತರ್ಪಣ ಬಿಡಲೂ ಒಬ್ಬನುಳಿಯನು!’ ಎಂದು ಮನದಲ್ಲೇ ಗರ್ಜಿಸಿದ ನೀಲಾಂಬಿಕೆ, ಬಾಯಲ್ಲಿ, “ಎಲ್ಲಾರೂ ಕೈ ಮುಂದ ಮಾಡ್ರಿ,” ಎಂದಳು. ತರ್ಪಣಕ್ಕೂ ನೀರಿರಲಿಲ್ಲವೆಂಬುದು ಬೇರೆ ಮಾತು. ಪ್ರಾತ್ಯಕ್ಷಿಕೆ ತೋರಿಸಲೇಬೇಕು, ತೋರಿಸಿ ಪಟ್ಟಿಯಲ್ಲಿ ಗುರುತು ಹಾಕಲೇಬೇಕು ಎಂಬುದು ಕಾಲೇಜಿನ ಕಟ್ಟಳೆ. ಹೀಗಾಗಿ ಅವಳು ಬರಿಗಾಳಿಯಲ್ಲಿ ಅಂಗೈ ಉಜ್ಜಿದಳು, ಬೆರಳು ಹೆಣೆದಳು, ಹೆಬ್ಬೆರಳು ತಿರುವಿದಳು. ಅರವತ್ತು ತಾಯಂದಿರು ಹಾಗೆಯೇ ಮಾಡಿದರು.

“ನೀರು ಎಲ್ಲೈತವಾ?” ಎಂದಳು ಹುಲಿಗೆವ್ವ.

“ಐತಿ ಅಂತ ತಿಳಕೋರಿ ಅಕ್ಕಾರ.”

“ತಿಳಕೊಂಡೆ. ಹಂಗಾದ್ರ ನಾ ಕೈ ತೊಳದೇನಿ ಅಂತ ನೀನೂ ತಿಳಕೊಂಡು ಬರಕೋ.”

ಓಣಿಗೆ ಓಣಿಯೇ ನಕ್ಕಿತು. ನೀಲಾಂಬಿಕೆ ಗುರುತು ಹಾಕಿದಳು.

ಅರ್ಜಿಯನ್ನು ಅವಳು ಮರೆಯಲಿಲ್ಲ, ಅಲ್ಲೇ ದುರಂತ. ಮರುದಿನವೇ ನಾಲ್ಕು ಸಾಲು ಬರೆದು, ಭಾಷೆ ಸರಿಯಿದೆಯೇ ನೋಡಿ ಎಂದು ತನ್ನ ಮಾರ್ಗದರ್ಶಕಿಯ ಕೈಗಿತ್ತಳು. ಆ ಕೈಯೋ ರಕ್ತಮಸಿಲೇಖನೀಮಂಡಿತ ಹಸ್ತ, ಸಹಸ್ರಹಸ್ತಪ್ರತಿಭಂಜನಿ ಸರ್ವಮಂಗಳಾ ಮೇಡಂ ಅವರದು. ‘ನಳದಲ್ಲಿ ನೀರಿಲ್ಲ’ ಎಂಬ ಮಾತಿನ ಸುತ್ತ ಅವರು ಕೆಂಪು ಚಕ್ರ ಬಿಟ್ಟರು.

“ಇದಕ್ಕ ಉಲ್ಲೇಖ ಎಲ್ಲೈತಿ?”

“ನಾನ ನಳ ತಿರುವಿ ನೋಡೇನ್ರಿ ಮೇಡಂ.”

“ನೀ ನೋಡಿದ್ರ ಆತೇನು? ಯಾರು ಬರದಾರ? ಯಾವ ವರ್ಷ? ನಾಲ್ಕು ವರ್ಷ ಓದಿ ಹಿಂಗ ಬರದ್ರ ನನ್ನ ಹೆಸರು ಕೆಡತೈತಿ.”

ಅಂದಿನಿಂದ ಅರ್ಜಿ ಗರ್ಭ ಧರಿಸಿತು. ಪೀಠಿಕೆ ಬಂತು, ಉದ್ದೇಶಗಳು ಬಂದವು, ‘ನಳ ಎಂದರೆ’ ಎಂಬ ವ್ಯಾಖ್ಯಾನ ಬಂತು, ಹೊರದೇಶದ ನಳಗಳನ್ನು ಕುರಿತ ಒಂಬತ್ತು ಅಧ್ಯಯನಗಳು ಬಂದವು. ಹನ್ನೊಂದು ಪುಟ, ಐದು ತಿಂಗಳು. ಪ್ರಬಂಧದ ಜೊತೆಗೇ ಅದನ್ನೂ ತಿದ್ದುತ್ತ ತಿದ್ದುತ್ತ ನೀಲಾಂಬಿಕೆ ಓಣಿಯ ದಾರಿ ಬಿಟ್ಟು ಸುತ್ತುಬಳಸಿ ಕಾಲೇಜಿಗೆ ಹೋಗತೊಡಗಿದಳು.

ಹೀಗೆ ಬಂದಿತ್ತು ಆ ದಿನ. ಹನ್ನೊಂದು ಗಂಟೆಗೆ, ಕರಿಯ ರೆಕ್ಸಿನ್ ಕವಚದ, ಚಿನ್ನದಕ್ಷರದ ಕಿರೀಟದ, ನೂರಾ ಹನ್ನೆರಡು ಪುಟಗಳ ಆ ಗ್ರಂಥಗಜವು ಪರವೂರಿನಿಂದ ಬಂದ ಪರೀಕ್ಷಕರ ಎದುರು ಮಂಡಿಯೂರಿತು. ಅವರು ಚಹಾ ಕುಡಿಯುತ್ತಲೇ ನಡುವೆಲ್ಲೋ ತೆರೆದರು. ವಿಧಿಯೇ! ನಲವತ್ತೇಳನೆಯ ಪುಟ.

“ಈ ಕೋಷ್ಟಕಕ್ಕ ನಂಬರ್ ಹಾಕಿಲ್ಲಲಾ?”

“ಹಾಕ್ತೀನ್ರಿ ಸರ್.”

ಪೆನ್ನಿನಿಂದ ಹಾಕಿದಳು. ಕೊನೆಯ ಪುಟದ ತೀರ್ಮಾನವನ್ನು ಅವರು ಗಟ್ಟಿಯಾಗಿ ಓದಿದರು: “ಓಣಿಯ ತಾಯಂದಿರ ಆಚರಣೆ ಅಸಮರ್ಪಕ. ತಿಳಿವಳಿಕೆ ಶಿಬಿರದ ಅಗತ್ಯವಿದೆ.” ಗ್ರಂಥ ಮುಚ್ಚಿದರು. “ಛಲೋ ಐತಿ. ಮುಂದಿನವರ್ನ ಕಳಸ್ರಿ.” ಸಮರ ಮೂರು ನಿಮಿಷದಲ್ಲಿ ಮುಗಿಯಿತು, ಚಹಾ ಇನ್ನೂ ಬಿಸಿಯಿತ್ತು.

ಗ್ರಂಥವನ್ನು ಕಪಾಟಿನಲ್ಲಿಡುವ ಕೆಲಸ ಬರೆದವರದೇ. ಕಬ್ಬಿಣದ ಬಾಗಿಲು ಕಿರುಗುಟ್ಟಿತು. ಅದೇ ಕರಿಯ ರೆಕ್ಸಿನ್, ಅದೇ ಚಿನ್ನದಕ್ಷರ, ಸಾಲುಸಾಲಾಗಿ. ತನ್ನದನ್ನು ತುರುಕಲು ಎರಡನ್ನು ಸರಿಸಿದಾಗ ಅವುಗಳ ಬೆನ್ನ ಮೇಲಿನ ಹೆಸರು ಕಂಡಿತು: ಹುಣಸಿಕಟ್ಟಿ ಓಣಿ. ಒಂದು ಹೋದ ವರ್ಷದ್ದು, ಇನ್ನೊಂದು ಅದರ ಹಿಂದಿನದು. ತೆರೆದು ನೋಡಿದಳು. ಎರಡರಲ್ಲೂ ಕೊನೆಗೆ ತಿಳಿವಳಿಕೆ ಶಿಬಿರ. ಎರಡರಲ್ಲೂ ಒಪ್ಪಿಗೆ ಪತ್ರಗಳ ನಡುವೆ ಅದೇ ಹೆಬ್ಬೆಟ್ಟು, ನಡುವೆ ಓರೆಯಾದ ಗಾಯದ ಗೆರೆ. ಮೂರನೆಯದನ್ನು ಅವಳು ಕೈಯಲ್ಲಿ ಹಿಡಿದಿದ್ದಳು.

ಮನೆಗೆ ಬಂದವಳು ಅರ್ಜಿಯ ಹನ್ನೊಂದು ಪುಟಗಳನ್ನು ಒಲೆಯ ಮುಂದಿಟ್ಟಳು. ಒಂದು ಹಾಳೆ ತೆಗೆದು ಬರೆದಳು: ‘ಹುಣಸಿಕಟ್ಟಿ ಓಣಿಯ ನಳಕ್ಕೆ ಮೂರು ವರ್ಷದಿಂದ ನೀರಿಲ್ಲ. ಪೈಪು ಒಡೆದಿದೆ. ದುರಸ್ತಿ ಮಾಡಿಸಿ. ಉಲ್ಲೇಖ: ಹುಲಿಗೆವ್ವ, ನಳದ ಎದುರು ಮನೆ.’

ಗೋಂದು ಒಣಗಿಹೋಗಿತ್ತು. ಫಕೀರವ್ವ ಬೆಳಗಿನ ಅನ್ನದ ಅಗಳೊಂದನ್ನು ಬೆರಳಲ್ಲಿ ಹಿಸುಕಿ ಲಕೋಟೆಗೆ ಬಳಿದಳು.

“ಇಷ್ಟಕ್ಕ ಐದು ತಿಂಗಳಾ?”

ನೀಲಾಂಬಿಕೆ ಚಪ್ಪಲಿ ಮೆಟ್ಟಿ, ಈ ಸಲ ಓಣಿಯೊಳಗಿಂದಲೇ ನಡೆದು, ಮೂಲೆಯ ಅಂಚೆ ಡಬ್ಬಿಯ ಬಾಯಿಗೆ ಲಕೋಟೆ ಹಾಕಿದಳು. ತಳದಲ್ಲಿ ಸದ್ದು ಕೇಳಿಸಿತು: ಮೊರದಿಂದ ಒಂದು ಹರಳು ಉದುರಿದಷ್ಟು.