ಹೆಬ್ಬೆರಳಿನ ಮೇಲೆ ಕಾಡಪ್ಪ

ಮೂರನೇ ಸಲ ರಬ್ಬರು ಉಜ್ಜಿದಾಗಲೂ ಕಾಡಪ್ಪ ಹೋಗಲಿಲ್ಲ, ಕಾಗದ ಹೋಯಿತು. ಹೆಬ್ಬೆರಳು ಇದ್ದ ಜಾಗದಲ್ಲಿ ತೂತು ಬಿದ್ದು, ಅದರೊಳಗಿಂದ ಮೇಜಿನ ಮೇಲಿನ ಹೂಹೂವಿನ ಪ್ಲಾಸ್ಟಿಕ್ಕು ಇಣುಕಿತು. ಮೋಹನದಾಸ ರಬ್ಬರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಿರುಗಿದರೆ ಹಿಂದೆಯೇ ಮಗಳು ಪೂಜಿತಾ ನಿಂತಿದ್ದಳು, ಬಾಯಿತುಂಬ ಪೇಸ್ಟಿನ ನೊರೆ.

"ಪಪ್ಪಾ! ಮೇರಾ ಪ್ರಾಜೆಕ್ಟ್!"

ಅದು ಐದನೇ ತರಗತಿಯ ಪ್ರಾಜಕ್ತಾ ಟೀಚರ್ ಕೊಟ್ಟ ಕೆಲಸ. ಮಕ್ಕಳು ತಮ್ಮ ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಬೇಕು. ತೊಂದರೆಯಾದಾಗ ಹೆದರದೆ ಹೇಳಿಕೊಳ್ಳಬಹುದಾದ ಐದು ಜನ ದೊಡ್ಡವರ ಹೆಸರನ್ನು ಐದು ಬೆರಳುಗಳಲ್ಲಿ ಬರೆಯಬೇಕು. ಎಲ್ಲರಿಗಿಂತ ನಂಬಿಕೆಯವರಿಗೆ ಹೆಬ್ಬೆರಳು. ಪೂಜಿತಾಳ ಹೆಬ್ಬೆರಳಲ್ಲಿ ಎದುರು ಮನೆಯ ಕಾಡಪ್ಪ, ತೋರುಬೆರಳಲ್ಲಿ ಅಮ್ಮ, ನಡುಬೆರಳಲ್ಲಿ ಟೀಚರ್, ಉಂಗುರಬೆರಳಲ್ಲಿ ಅಜ್ಜಿ, ಕಿರುಬೆರಳಲ್ಲಿ ವಾಚ್‌ಮನ್ ಶಂಭು. ಅಪ್ಪ ಎಲ್ಲಿಯೂ ಇಲ್ಲ. ಉಗುರಿನಲ್ಲೂ ಇಲ್ಲ. ಇವತ್ತು ನಾಲ್ಕು ಗಂಟೆಗೆ ಪಾಲಕರ ಸಭೆ. ಕೈಗಳೆಲ್ಲ ತರಗತಿಯ ಗೋಡೆಗೆ ಏರಲಿದ್ದವು.

ಡೊಂಬಿವಲಿಯಲ್ಲಿ ಅವರಿದ್ದ ಫ್ಲ್ಯಾಟುಗಳ ಸೊಸೈಟಿಯಲ್ಲಿ ತಂದೆತಾಯಿಗಳಿಗೆ ಬುದ್ಧಿ ಹೇಳುವವನೇ ಮೋಹನದಾಸ. ದಿನಾ ಬೆಳಿಗ್ಗೆ ಠಾಣೆಯ ಲೋಕಲ್ ರೈಲಿನಲ್ಲಿ ಒಂದು ಕೈಯಿಂದ ನೇತಾಡುತ್ತ, ಇನ್ನೊಂದು ಕೈಯಿಂದ 'ಮಕ್ಕಳ ಮಾತಿಗೆ ಕಿವಿಗೊಡಿ', 'ಮಕ್ಕಳನ್ನು ಹೆದರಿಸಬೇಡಿ' ಎಂದು ಸೊಸೈಟಿಯ ಮೊಬೈಲ್ ಗುಂಪಿಗೆ ಕಳಿಸುತ್ತಿದ್ದ. ರೈಲು ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಕಾಡಪ್ಪನ 'ಚಲೋ ಐತ್ರಿ' ಬಂದು ಬೀಳುತ್ತಿತ್ತು. ಬಾಗಲಕೋಟೆ ಕಡೆಯ ಈ ಕಾಡಪ್ಪನಿಗೆ ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಹೋದ ವಾರ ಮಗ ಚನ್ನು ಚೆಸ್ ಪಂದ್ಯದಿಂದ ಮೆಡಲ್ ತಂದನೆಂದು ಇಡೀ ಕಟ್ಟಡಕ್ಕೆ ಪೇಡೆ ಹಂಚಿದ್ದ. ಮೋಹನದಾಸ ಎರಡು ಪೇಡೆ ತಿಂದು ಮೂರು ದಿನ ಹೊಟ್ಟೆ ಉರಿಸಿಕೊಂಡಿದ್ದ.

"ನನ್ನ ಹೆಸರು ಎಂತಕ್ಕೆ ಇಲ್ಲ?" ಎಂದು ಅವನು ಮಗಳನ್ನು ಕೇಳಿದ.

"ಟೀಚರ್ ಹೇಳಿದ್ರು, ಯಾರು ಚಿಲ್ಲಾಯಿಸಲ್ವೋ, ಕೂಗಾಡಲ್ವೋ ಅವರದ್ದೇ ನಾಮ್ ಬರೀಬೇಕು. ನಾನು ಗಟಾರದಲ್ಲಿ ಬಿದ್ದಾಗ ಕಾಡಪ್ಪ ಕಾಕಾ ಚಿಲ್ಲಾಯಿಸಲೇ ಇಲ್ಲ."

"ಗಟಾರಕ್ಕೆ ಬಿದ್ದದ್ದಾ? ಯಾವಾಗ ಬಿದ್ದದ್ದು? ಕಣ್ಣು ಎಲ್ಲಿ ಇಟ್ಟಿದ್ದೆ ನೀನು!" ಅವನ ಕೂಗಿಗೆ ಷೋಕೇಸಿನ ಗಾಜು ಕಿಣಿಕಿಣಿ ಎಂದಿತು.

"ದೇಖಾ?" ಎಂದಳು ಪೂಜಿತಾ, ನೊರೆಯೊಳಗಿಂದ.

ಅಡಿಗೆಮನೆಯಿಂದ ಹೆಂಡತಿ ಜಯಲತಾ ಇಣುಕಿದಳು. "ನಿಮ್ಮ ಉಪದೇಶ ಎಲ್ಲ ಗ್ರೂಪಿಗೆ ಮಾತ್ರ ಮಾರಾಯ್ರೆ. ಮನೆಗೆ ಒಂದೂ ಡೆಲಿವರಿ ಇಲ್ಲ."

ಹೇಗೂ ಹೊಸ ಕೈ ಬರೆಯಬೇಕಿತ್ತು. ಅಪ್ಪ ಮಗಳ ನಡುವೆ ಒಪ್ಪಂದವಾಯಿತು: ನಾಲ್ಕು ಗಂಟೆಯವರೆಗೆ ಅಪ್ಪ ಒಂದು ಸಲವೂ ಕೂಗಾಡದಿದ್ದರೆ ಶಂಭುವನ್ನು ಇಳಿಸಿ ಕಿರುಬೆರಳು ಅಪ್ಪನಿಗೆ. ಉಂಗುರಬೆರಳು ಸಿಗಬಹುದೇ ಎಂದು ಅವನು ಚೌಕಾಸಿ ಮಾಡಿದ.

"ಅಜ್ಜಿ ಕೋ ನಿಕಾಲೂಂ ಕ್ಯಾ?"

ತನ್ನ ತಾಯಿಯನ್ನೇ ಇಳಿಸುವ ಮಾತು ಬಂದಾಗ ಮೋಹನದಾಸ ಕಿರುಬೆರಳಿಗೇ ಒಪ್ಪಿಕೊಂಡ.

"ಆದರೆ ಪೆನ್ಸಿಲ್‌ನಲ್ಲಿ," ಎಂದಳು ಪೂಜಿತಾ. "ಸ್ಕೆಚ್ ಪೆನ್ ಆಮೇಲೆ ನೋಡೋಣ."

ಅಷ್ಟರಲ್ಲಿ ಅದೇ ತರಗತಿಯ ಚನ್ನು ತನ್ನ ಅರ್ಧ ಮುಗಿದ ಕೈಯನ್ನು ಹಿಡಿದುಕೊಂಡು ಬಂದ. ಇಬ್ಬರೂ ಮೇಜಿಗೆ ಕೂತರು. ಮೋಹನದಾಸ ದವಾಖಾನೆಯಲ್ಲಿ ಪಾಳಿಗೆ ಕೂತವನ ಹಾಗೆ ಎದುರು ಕೂತು ಮುಖವನ್ನು ಮೃದು ಮಾಡಿಕೊಂಡ.

"ಎಂತ ಬೇಕಾದರೂ ಹೇಳು ಮಗಾ. ನಾನು ಕೇಳುತ್ತೇನೆ."

"ಮ್ಯಾಥ್ಸ್‌ನಲ್ಲಿ ಇಪ್ಪತ್ತಕ್ಕೆ ಆರು," ಎಂದಳು ಪೂಜಿತಾ.

ಮೋಹನದಾಸನ ಕಿವಿಯ ತುದಿ ಕೆಂಪಾಯಿತು. "ಒಳ್ಳೆಯದು," ಎಂದ. "ಅಂದರೆ, ಒಳ್ಳೆಯದಲ್ಲ. ಹೇಳಿದ್ದು ಒಳ್ಳೆಯದು. ಪೇಪರಿಗೆ ಸಹಿ ಯಾರು ಹಾಕಿದ್ದು?"

"ಕಾಡಪ್ಪ ಕಾಕಾ. ಮೊದಲು ಎಲ್ಲ ಲೆಕ್ಕ ಮತ್ತೆ ಮಾಡಿಸಿದರು. ಆಮೇಲೆ ಸಹಿ."

ಆರು ಅಂಕವನ್ನು ಅವನು ಹೇಗೋ ನುಂಗಿದ್ದ. ಸಹಿ ಗಂಟಲಿನಲ್ಲಿ ಸಿಕ್ಕಿಕೊಂಡಿತು. ತನ್ನ ಮಗಳ ಸೋಲಿನ ಮೇಲೂ ಕಾಡಪ್ಪನ ಸಹಿ!

"ಬೇರೆ?"

"ಟ್ಯೂಷನ್‌ನಿಂದ ಬರುವಾಗ ಒಂದು ಸಲ ನಾನು, ಚನ್ನು ಬ್ರಿಜ್ ಹತ್ತದೆ ರೈಲ್ವೆ ಪಟರಿ ದಾಟೋಕೆ ಹೋದ್ವಿ."

ಮೋಹನದಾಸ ಎದ್ದ. "ಒಂದು ನಿಮಿಷ," ಎಂದು ಮೆಲ್ಲಗೆ ಹೇಳಿ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ಬಿಟ್ಟು, ಖಾಲಿ ಬಕೀಟಿನೊಳಗೆ ತಲೆ ಇಟ್ಟು ಕೂಗಿದ. ಒಪ್ಪಂದದಲ್ಲಿ ಬಕೀಟಿನ ಮಾತು ಬಂದಿರಲಿಲ್ಲ. ಆದರೆ ಬಚ್ಚಲಿನ ಕಿಟಕಿ ಕಟ್ಟಡದ ಪೈಪುಗಳ ಸಂದಿಗೆ ತೆರೆಯುತ್ತಿತ್ತು. ಮೂರನೇ ಮಹಡಿಯಿಂದ ನೆರೆಯಾಕೆ ಊರ್ಮಿಳಾಳ ದನಿ ಇಳಿದು ಬಂತು. "ಕಾಯ್ ಝಾಲಂ ಭಾವೂ? ಪಡ್ಲಾತ್ ಕಾ?"

"ಬೀಳಲಿಲ್ಲ ತಾಯಿ! ಸ್ನಾನ! ಆಂಘೋಳ್!"

"ಇವರು ಬಿದ್ದದ್ದೇ," ಎಂದಳು ಜಯಲತಾ ಹೊರಗಿನಿಂದ.

ಮುಖ ಒರೆಸಿಕೊಂಡು ಬಂದು ಕೂತ. "ಆಮೇಲೆ ಎಂತಾಯಿತು?"

"ಕಾಡಪ್ಪ ಕಾಕಾ ನೋಡಿದರು. ಕೈ ಹಿಡಿದು ಬ್ರಿಜ್ ಮೇಲೆ ಐದು ಸಲ ಹತ್ತಿಸಿ ಇಳಿಸಿದರು. ಆಮೇಲೆ ವಡಾಪಾವ್."

ಗದರದೆ ಐದು ಸಲ ಹತ್ತಿಸಿ ಇಳಿಸುವುದು. ಇಂಥ ಉಪಾಯ ತನ್ನ ನಾಲ್ಕು ವರ್ಷದ ಫಾರ್ವರ್ಡುಗಳಲ್ಲಿ ಒಂದರಲ್ಲೂ ಇರಲಿಲ್ಲ. ಮಗಳು ಬದುಕಿದ್ದಾಳೆಂಬ ಸಮಾಧಾನದ ಪಕ್ಕದಲ್ಲೇ, ಬದುಕಿಸಿದವನು ಅವನಾಗಬಾರದಿತ್ತು ಎಂಬ ಉರಿ ಕಾಲು ಚಾಚಿ ಕೂತಿತು. ಆದರೂ ಮಗಳ ತಲೆ ಸವರಿ, "ಇನ್ನು ಬ್ರಿಜ್ ಮೇಲೆಯೇ ಬಾ, ಆಯ್ತಾ? ಇನ್ನೂ ಎಂತಾದರೂ ಉಂಟಾ?" ಎಂದ.

"ಬಸ್. ಖತಮ್." ಪೂಜಿತಾ ಪೆನ್ಸಿಲ್ ಎತ್ತಿ ಕಿರುಬೆರಳಲ್ಲಿ 'ಪಪ್ಪಾ' ಎಂದು ಬರೆದಳು, ಸಾಸಿವೆಯಷ್ಟು ಚಿಕ್ಕದಾಗಿ.

ಚನ್ನು ತನ್ನ ಕಾಗದದಿಂದ ಕತ್ತೆತ್ತಿದ. "ಅಂಕಲ್, ಮೈ ಭೀ ಬೋಲೂಂ? ನಮ್ಮ ಬಾಬಾಗೆ ಹೇಳಬಾರದು."

"ಆಣೆಗೂ ಇಲ್ಲ."

"ಆ ಮೆಡಲ್ ಸಬ್ ಕೋ ಮಿಲಾ. ಬಂದವರಿಗೆಲ್ಲ ಕೊಟ್ಟರು. ನಾನು ಮೊದಲನೇ ರೌಂಡ್‌ನಲ್ಲೇ ಔಟ್. ಬಾಬಾ ಗೇಟಿನ ಹೊರಗಿದ್ದರು. ನನ್ನ ಕೊರಳು ನೋಡಿ ಸೀದಾ ಪೇಡಾ ತರೋಕೆ ಹೋದರು. ಆಮೇಲೆ ಹೇಳೋಕೆ ಆಗಲೇ ಇಲ್ಲ."

ಮೋಹನದಾಸನ ಎದೆಯೊಳಗೆ ಗಣಪತಿ ಮೆರವಣಿಗೆಯ ಢೋಲು ತಾಶೆ ಶುರುವಾಯಿತು. ಮುಖವನ್ನು ಮಾತ್ರ ಸಾವಿನ ಮನೆಗೆ ಹೋದವನ ಹಾಗೆ ಇಟ್ಟುಕೊಂಡು ಹುಡುಗನ ಬೆನ್ನು ತಟ್ಟಿದ. ಚನ್ನು ಮೂಗು ಒರೆಸಿಕೊಂಡು, ಮೊಣಕೈ ಅಡ್ಡ ಇಟ್ಟು ತನ್ನ ಕಾಗದದಲ್ಲಿ ಏನೋ ಬರೆಯತೊಡಗಿದ.

ನಾಲ್ಕು ಗಂಟೆಗೆ ತರಗತಿಯ ಗೋಡೆಯ ತುಂಬ ಕೈಗಳು. ಕಾಡಪ್ಪ ಆಗಲೇ ಬಂದು ಪೂಜಿತಾಳ ಕೈಯ ಮುಂದೆ ನಿಂತಿದ್ದ, ತನ್ನ ಅಂಗಡಿಯ ಹೊಸ ಬೋರ್ಡಿನ ಮುಂದೆ ನಿಂತವನ ಹಾಗೆ.

"ನೋಡ್ರಿ ಮೋಹನದಾಸ ಅವರ, ನಿಮ್ಮ ಹುಡುಗಿ ನನ್ನ ಸೀದಾ ಹೆಬ್ಬೆರಳಿಗೇ ಏರಿಸ್ಯಾಳ. ನೀವು ಎಲ್ಲಿ ಅದೀರಿ?" ಕನ್ನಡಕ ಹಾಕಿಕೊಂಡು ಬಗ್ಗಿದ. "ಓಹೋ, ಇಲ್ಲಿ ಅದೀರಿ! ಪೆನ್ಸಿಲ್‌ನ್ಯಾಗ! ಇರ್ಲಿ ತಗೋರಿ, ಒಂದೊಂದ ಬೆರಳು ಏರ್ಕೋತ ಮ್ಯಾಲ ಬರ್ತೀರಿ."

'ಮೆಡಲ್' ಎಂಬ ಮಾತು ಹಲ್ಲಿನ ಹಿಂದಿನವರೆಗೂ ಬಂತು. ಮೋಹನದಾಸ ಅದನ್ನು ಕಚ್ಚಿ ಹಿಡಿದ. ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ.

"ಚನ್ನೂಚೇ ಬಾಬಾ?" ಪ್ರಾಜಕ್ತಾ ಟೀಚರ್ ಕರೆದರು. "ಹಾ ಬಘಾ ತುಮ್‌ಚ್ಯಾ ಮುಲಾಚಾ ಹಾತ್." ಆಚೆ ಗೋಡೆಯಲ್ಲಿದ್ದ ಮಗನ ಕೈಯನ್ನು ತೋರಿಸಿದರು.

ಚನ್ನುವಿನ ಹೆಬ್ಬೆರಳಲ್ಲಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ, ಮೇಲೊಂದು ನಕ್ಷತ್ರದೊಂದಿಗೆ: ಮೋಹನದಾಸ ಅಂಕಲ್. ಉಳಿದ ನಾಲ್ಕು ಬೆರಳುಗಳನ್ನು ಕಾಡಪ್ಪ ಎರಡೆರಡು ಸಲ ಎಣಿಸಿದ. ಅವನ ಮುಖ ಕರೆಂಟು ಹೋದ ಅಂಗಡಿಯಂತಾಯಿತು.

"ನಾ ಇಲ್ಲೇ ಇಲ್ಲಲ್ರೀ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಏನ್ ಹೇಳ್ಯಾನ್ರೀ ಅಂವ ನಿಮ್ಮ ಮುಂದ?"

"ಅದು ಹೇಳುವ ಹಾಗಿಲ್ಲ ಕಾಡಪ್ಪನವರೇ," ಎಂದ ಮೋಹನದಾಸ. ಅಷ್ಟು ಸಿಹಿಯಾದ ವಾಕ್ಯ ಅವನ ಬಾಯಿಂದ ಈವರೆಗೆ ಹೊರಟಿರಲಿಲ್ಲ.

ಕಾಡಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಖರೆ ಐತಿ ಬಿಡ್ರಿ. ಹೇಳಬಾರದು. ಪೂಜಿತಾನೂ ಇವತ್ತ ನಿಮಗ ಎಲ್ಲಾ ಹೇಳಿರಬೇಕಲ್ಲ. ಆ ವಾಶೀ ಪಿಕ್ನಿಕ್ಕಿಂದೂ..." ನೆನಪಾದದ್ದೇ ಅವನ ಹೊಟ್ಟೆ ಕುಣಿಯತೊಡಗಿತು. ನಗು ತಡೆಯಲು ಗೋಡೆಗೆ ಕೈ ಕೊಟ್ಟ.

"ಯಾವ ವಾಶಿ?"

ನಗು ಅಲ್ಲಿಗೇ ನಿಂತಿತು. "ಹೇಳಿಲ್ಲೇನು?"

"ವಾಶಿಯಲ್ಲಿ ಎಂತ ಆದದ್ದು ಮಾರಾಯ್ರೆ?"

"ಏನಿಲ್ಲ ತಗೋರಿ. ಅಂಜೂವಂಥಾದ್ದಲ್ಲ. ನಗೂ ಮಾತು." ಹಾಗೆನ್ನುವಾಗಲೇ ಮತ್ತೆ ಒಂದಿಷ್ಟು ನಗು ಅವನ ಮೂಗಿನಿಂದ ಹೊರಬಿತ್ತು.

ಗುಟ್ಟನ್ನಾದರೆ ಮೋಹನದಾಸ ಸಹಿಸುತ್ತಿದ್ದ. ನಗುವನ್ನು ಸಹಿಸಲಾಗಲಿಲ್ಲ. ತನ್ನ ಮಗಳು ಹೇಳಿದ ಮಾತಿಗೆ ಇನ್ನೊಬ್ಬನ ಹೊಟ್ಟೆ ಹೀಗೆ ಕುಣಿಯುವುದು! ಅವನು ಕಾಡಪ್ಪನ ತೋಳು ಹಿಡಿದು ಹೊರಗೆ ಪಡಸಾಲೆಗೆ ಎಳೆದು ತಂದ. ಆಚೀಚೆ ನೋಡಿದ. ಯಾರೂ ಇರಲಿಲ್ಲ.

"ಒಂದಕ್ಕೆ ಒಂದು," ಎಂದು ಪಿಸುಗುಟ್ಟಿದ. "ನೀವು ವಾಶಿಯದ್ದು ಹೇಳಿ. ನಾನು ಚನ್ನುವಿನದ್ದು ಪೂರ್ತಿ ಹೇಳುತ್ತೇನೆ. ಮಕ್ಕಳಿಗೆ ಗೊತ್ತೇ ಆಗುವುದಿಲ್ಲ."

ಕಾಡಪ್ಪ ಬಾಗಿಲೊಳಗಿಂದ ಮಗನ ಕೈಯನ್ನು ನೋಡಿದ. ಅಷ್ಟು ಆಸೆ ಒಬ್ಬ ಮನುಷ್ಯನ ಮುಖದಲ್ಲಿ ಮೋಹನದಾಸ ಕಂಡಿರಲಿಲ್ಲ.

"ಬೇಕಾದರೆ ನಾನೇ ಮೊದಲು ಹೇಳುತ್ತೇನೆ," ಎಂದ.

"ಬ್ಯಾಡ," ಎಂದ ಕಾಡಪ್ಪ. "ನೀವೂ ಹೇಳಬ್ಯಾಡ್ರಿ. ನಾನೂ ಹೇಳಂಗಿಲ್ಲ."